ಕಳಿಂಗದ ಮಾಸ್ತರ

ಹೋದ ಶ್ರಾವಣದ ಒಂದು ಮಧ್ಯಾಹ್ನ ಅರವತ್ತು ದಾಟಿದ ಹೆಣ್ಣುಮಗಳೊಬ್ಬಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂಡ್ರಲಿಲ್ಲ. ತನ್ನ ತಂದೆಯ ಹೆಸರು ಹೇಳಿದಳು. “ಅಪ್ಪಾರು ಹೋದ ವಾರ ತೀರಿಕೊಂಡ್ರಿ, ಅಕ್ಕೋರ. ಧಾರವಾಡದಾಗ ಭೂಗೋಲ ಕಲಸ್ತಿದ್ದ ಅಕ್ಕೋರು ಇನ್ನೂ ಇದ್ರ ಅವರಿಗೆ ತಿಳಸು ಅಂತ ಹೇಳಿದ್ರು,” ಅಂದಳು. ನಾನು ಇನ್ನೂ ಇದ್ದೆ. ಗೋಡೆ ಹಿಡಿದು ಮೆಲ್ಲಗೆ ಕೂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಕೇಳಿದ ಕೂಡಲೇ ಅಡ್ಡಹೆಸರು ಕೇಳುವ, ಅಡ್ಡಹೆಸರು ತಿಳಿದ ಕೂಡಲೇ ಊರು, ಓಣಿ ವಿಚಾರಿಸುವ ಚಟ ನಮ್ಮ ಜನಕ್ಕೆ ಇನ್ನೂ ಬಿಟ್ಟಿಲ್ಲ. ಆ ದಾರಿಯಿಂದ ಯಾರೂ ಅವರನ್ನು ತಲುಪುವುದು ಬೇಡ. ಸಾಲೆಯ ಮಕ್ಕಳು ಮೊದಲು ಇತಿಹಾಸದ ಸರ್ ಅನ್ನುತ್ತಿದ್ದರು. ಒಂದು ಮಧ್ಯಾಹ್ನದ ನಂತರ ಊರೆಲ್ಲ ಕಳಿಂಗದ ಮಾಸ್ತರ ಅಂದಿತು. ಅಷ್ಟು ಸಾಕು.

ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಧಾರವಾಡದ ಒಂದು ಖಾಸಗಿ ಹೈಸ್ಕೂಲಿಗೆ ನಾನೂ ಅವರೂ ಒಂದೇ ಜೂನಿನಲ್ಲಿ ಸೇರಿದೆವು. ನಮ್ಮದು ಸಾಲೆ, ಸಂಗೀತ ಎರಡನ್ನೇ ನೆಚ್ಚಿಕೊಂಡ ಹಳೆಯ ಮನೆತನ. ಅಜ್ಜ ಮಾಸ್ತರ, ಅಪ್ಪ ಮಾಸ್ತರ, ಕಾಕಾ ಬೆಳಗಾದರೆ ತಂಬೂರಿ ಹಿಡಿದು ಕೂತವರು. ಇತಿಹಾಸದ ಮಾಸ್ತರರ ಮನೆಯಲ್ಲಿ ಅವರಿಗಿಂತ ಮೊದಲು ಅಕ್ಷರ ಕಲಿತವರೇ ಇರಲಿಲ್ಲ. ಗರಗದಲ್ಲಿ, ಊರ ಹೊರಗಿನ ಕೇರಿಯಲ್ಲಿ, ಅವರ ತಾಯಿ ನೂಲು ತೆಗೆದು ಮಗನನ್ನು ಬೋರ್ಡಿಂಗಿಗೆ ಹಾಕಿದ್ದಳು. ಅವರು ಉಡುತ್ತಿದ್ದ ಅಂಗಿ, ಧೋತರ ಆಕೆ ತೆಗೆದ ನೂಲಿನವು. ಎರಡೇ ಜೊತೆ, ಆದರೆ ಒಂದು ದಿನವೂ ಮಾಸಿದ್ದನ್ನು ನಾನು ನೋಡಲಿಲ್ಲ. ನಮ್ಮ ಹೆಡ್‌ಮಾಸ್ತರರು ಚಳವಳಿಯಲ್ಲಿ ಜೈಲು ಕಂಡ ಮನುಷ್ಯ. ಆಡಳಿತ ಮಂಡಳಿಯೊಂದಿಗೆ ಗುದ್ದಾಡಿ ಈ ಮಾಸ್ತರರನ್ನು ತಂದಿದ್ದರು. ಆ ಗುದ್ದಾಟದಲ್ಲಿ ಹೆಡ್‌ಮಾಸ್ತರರ ಶಕ್ತಿಯೆಲ್ಲ ಮುಗಿದಿತ್ತು ಅನ್ನುವುದು ನಮಗೆ ಆಮೇಲೆ ತಿಳಿಯಿತು.

ಇತಿಹಾಸಕ್ಕೂ ಭೂಗೋಲಕ್ಕೂ ಸೇರಿ ಸಾಲೆಯಲ್ಲಿದ್ದದ್ದು ಒಂದೇ ನಕಾಶೆ. ಬಟ್ಟೆಗೆ ಅಂಟಿಸಿದ್ದ, ಅಂಚು ಹರಿದ ಹಿಂದೂಸ್ತಾನದ ನಕಾಶೆ. ಅದನ್ನು ಕೊಡುವಾಗ, ಇಸಿದುಕೊಳ್ಳುವಾಗ ಎರಡು ಮಾತು ಆಡುತ್ತಿದ್ದೆವು. ಮಾಸ್ತರರ ಕೋಣೆಯಲ್ಲಿ ಅವರು ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂಡುತ್ತಿದ್ದರು. ಗಣಿತದ ಮಾಸ್ತರರು ಒಮ್ಮೆ ಚೇಷ್ಟೆ ಮಾಡಿದರು: “ಯಾಕ್ರಿ, ಯಾರರೆ ಹಿಡಿಲಿಕ್ಕೆ ಬರ್ತಾರೇನು?” ಅವರು ನಕ್ಕರು. “ಇತಿಹಾಸದಾಗ ಬಾಗಿಲಕ್ಕ ಬೆನ್ನು ಮಾಡಿ ಕುಂತವರ ಗತಿ ಓದೇನ್ರಿ. ರೂಢಿ ಆಗೇದ.” ಎಲ್ಲರೂ ನಕ್ಕರು. ಅವರು ಮಾತ್ರ ಬಾಗಿಲ ಮೇಲಿನ ಕಣ್ಣು ತೆಗೆಯಲಿಲ್ಲ.

ಅವರ ಪಾಠ ಎಂದೂ ರಾಜನ ಹುಟ್ಟಿನಿಂದ ಶುರುವಾಗುತ್ತಿರಲಿಲ್ಲ. ಪುಸ್ತಕದಲ್ಲಿ ರಾಜ ಹುಟ್ಟುತ್ತಾನೆ, ಪಟ್ಟಕ್ಕೆ ಬರುತ್ತಾನೆ, ಗೆಲ್ಲುತ್ತಾನೆ, ಕೆರೆ ಕಟ್ಟಿಸುತ್ತಾನೆ, ಸಾಯುತ್ತಾನೆ. ಇವರು ಸಾವಿನಿಂದ ಹಿಂದಕ್ಕೆ ಬರುತ್ತಿದ್ದರು. ನನ್ನ ವರ್ಗ ಅವರ ವರ್ಗದ ಮಗ್ಗುಲಿಗೇ ಇತ್ತು. ನಡುವೆ ಬರೀ ಹಲಗೆಯ ತಡಿಕೆ. ನಾನು ಮಕ್ಕಳಿಗೆ ನದಿಗಳ ಹೆಸರು ಬರೆಯಲು ಹಚ್ಚಿ ಅವರ ಪಾಠ ಕೇಳುತ್ತಿದ್ದೆ. ದನಿ ಏರಿಸುತ್ತಿರಲಿಲ್ಲ. ಗುಟ್ಟು ಹೇಳುವವರ ಹಾಗೆ ಹೇಳುತ್ತಿದ್ದರು.

“ಯುದ್ಧ ಮುಗದದ. ರಾಮರಾಯ ಹೋಗ್ಯಾನ. ಆದ್ರ ವಿಜಯನಗರದಾಗ ಇನ್ನೂ ಯಾರಿಗೂ ಸುದ್ದಿ ಮುಟ್ಟಿಲ್ಲ. ಪ್ಯಾಟ್ಯಾಗ ಅಂಗಡಿ ತೆರದಾವ. ಒಬ್ಬಾಕಿ ಹೆಣ್ಣುಮಗಳು ಮಲ್ಲಿಗಿಗೆ ಚೌಕಾಸಿ ಮಾಡಾಕತ್ಯಾಳ. ಹೇಳ್ರಿ ನೋಡೋಣ, ಈಗ ಆ ಊರು ನಿಂತದೋ, ಬಿದ್ದದೋ?”

ತಡಿಕೆಯಾಚೆ ಒಂದು ಬೆಂಚು ಕಿರುಗುಟ್ಟಿತು. ಆಮೇಲೆ ಒಂದು ಹುಡುಗಿಯ ಸಣ್ಣ ದನಿ: “ಬಿದ್ದದ್ರಿ ಸರ್. ಆಕಿಗೆ ಗೊತ್ತಿಲ್ಲ, ಅಷ್ಟ.”

“ಛಲೋ ಹೇಳಿದಿ. ಕುಂಡ್ರು.”

ಗಂಟೆ ಹೊಡೆಯಿತು. ಮಕ್ಕಳು ಗದ್ದಲ ಮಾಡದೆ ಹೊರಗೆ ಬಂದರು. ಆ ಹುಡುಗಿ ಗೇಟಿನ ತನಕ ಹೋಗಿ, ಹೂ ಮಾರುವವಳ ಮುಂದೆ ಸುಮ್ಮನೆ ನಿಂತುಕೊಂಡದ್ದನ್ನು ನಾನೇ ನೋಡಿದೆ.

ಅವರು ಇನ್ನೊಂದು ಮಾತು ಆಗಾಗ ಹೇಳುತ್ತಿದ್ದರು. ಸಾಮ್ರಾಜ್ಯ ಬೀಳುವಾಗ ಸಪ್ಪಳವಾಗುವುದಿಲ್ಲ, ಮೊದಲು ಜನ ಮೆತ್ತಗೆ ಮಾತಾಡತೊಡಗುತ್ತಾರೆ. ಎಲ್ಲರಿಗೂ ಗೊತ್ತಾದ ಮೇಲೆ ಕಟ್ಟಕಡೆಗೆ ಚಕ್ರವರ್ತಿಗೆ ಗೊತ್ತಾಗುತ್ತದೆ, ಅಂತ. ಮಕ್ಕಳಿಗೆ ಅದು ಬಾಯಿಪಾಠವಾಗಿತ್ತು.

ತಂಟೆ ಹುಟ್ಟಿದ್ದು ಒಂದು ಪಾಠದಿಂದ. ಔರಂಗಜೇಬನ ಕಡೆಗಾಲ ಹೇಳಬೇಕಿತ್ತು. ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡ ಹಿಂದೂಸ್ತಾನ ಬರೆದರು. ಒಬ್ಬೊಬ್ಬ ಹುಡುಗನನ್ನು ಒಂದೊಂದು ಸುಭೆಯಲ್ಲಿ, ಅಂದರೆ ಪ್ರಾಂತದಲ್ಲಿ, ನಿಲ್ಲಿಸಿದರು. ಬಾದಶಹನಾಗಲು ಶ್ರೀಕಾಂತ ಎದ್ದ. ಅವನು ನಮ್ಮ ಸಾಲೆಯ ಚೇರ್ಮನ್ನರ ಮೊಮ್ಮಗ. ಗುಂಡುಗುಂಡಾಗಿ, ದೊಡ್ಡ ದನಿಯವನು, ಕೆಟ್ಟ ಹುಡುಗನಲ್ಲ. ದಕ್ಷಿಣಕ್ಕೆ ಮುಖ ಮಾಡಿ ನಿಂತು ಹುಕುಂ ಕೊಡತೊಡಗಿದ. “ಆ ಕೋಟಿ ಹಿಡೀರಿ! ಈ ಕೋಟಿ ಹಿಡೀರಿ!” ಅವನ ಬೆನ್ನ ಹಿಂದೆ ಮಾಸ್ತರರು ಬೆರಳು ಬಾಯಿಗೆ ಹಚ್ಚಿ ಒಬ್ಬೊಬ್ಬರನ್ನೇ ಕೂಡ್ರಿಸಿದರು. ಬಂಗಾಲ ಕೂತಿತು. ಅವಧ ಕೂತಿತು. ಆಗ್ರಾ ಕೂತಿತು. ಶ್ರೀಕಾಂತ ಇನ್ನೂ ಕೂಗುತ್ತಿದ್ದ. ತಿರುಗಿ ನೋಡಿದಾಗ ನಿಂತವನು ತಾನೊಬ್ಬನೇ. ಹುಡುಗರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಅದನ್ನೇ ಅಭಿನಯಿಸಿ ತೋರಿಸಿದ.

ಅವನ ಅಜ್ಜ ನಗಲಿಲ್ಲ. ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡಿ ಬೆಳೆದ ದೊಡ್ಡ ಮನುಷ್ಯ. ಸಾಲೆಯ ಅರ್ಧ ಕಟ್ಟಡ ಅವರದೇ ಕೊಡುಗೆ. ಮರುದಿನ ಟಾಂಗಾದಲ್ಲಿ ಬಂದವರು ಇಳಿಯಲೂ ಇಲ್ಲ. ಹೆಡ್‌ಮಾಸ್ತರರನ್ನು ಗೇಟಿಗೆ ಕರೆಸಿಕೊಂಡು ಕೇಳಿದರಂತೆ: “ನಮ್ಮ ಮನಿ ಕೂಸಿನ್ನ ನಡುವ ನಿಲ್ಲಿಸಿ ನಗಸ್ಯಾಡಾಂವ ಯಾಂವ? ನೀವು ತಂದೀರಲ್ಲ, ಅಂವನs ಹೌದಲ್ಲೋ?”

ಅಲ್ಲಿಗೆ ಅದು ಮುಗಿಯಬಹುದಿತ್ತು. ದೀಪಾವಳಿಯ ರಜೆಯಲ್ಲಿ ಇನ್ನೊಂದು ನಡೆಯಿತು. ನಾಗಪುರದ ದೀಕ್ಷೆಯ ಸುದ್ದಿ ಆಗಲೇ ಎಲ್ಲ ಕಡೆ ಹಬ್ಬಿತ್ತು. ರಜೆ ಮುಗಿಸಿ ಬಂದ ದಿನ ಅವರು ಮಾಸ್ತರರ ಕೋಣೆಯಲ್ಲಿ, ಮಳೆ ಬಂತು ಅನ್ನುವಷ್ಟೇ ಸಹಜವಾಗಿ ಹೇಳಿದರು: “ನಾ ಬೌದ್ಧ ಆಗೇನ್ರಿ. ನಮ್ಮ ಮನ್ಯಾಗ ಎಲ್ಲಾರೂ ಆದ್ವಿ.”

ಯಾರೋ ಕೆಮ್ಮಿದರು. ಅಲ್ಲಿಯವರೆಗೆ ಅವರು ತಮ್ಮ ನೀರನ್ನು ಮನೆಯಿಂದಲೇ ಒಂದು ಬಾಟಲಿಯಲ್ಲಿ ತರುತ್ತಿದ್ದರು. ತರಬೇಕೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಆವೊತ್ತು ಎದ್ದು ಮೂಲೆಯ ಕುಡಿಯುವ ನೀರಿನ ಹರವಿಯ ಹತ್ತಿರ ಹೋದರು. ಮುಚ್ಚಳ ತೆಗೆದು, ತಂಬಿಗೆ ಮುಳುಗಿಸಿ, ಎತ್ತಿ ಕುಡಿದರು. ಗಂಟಲಲ್ಲಿ ನೀರು ಇಳಿಯುವ ಸಪ್ಪಳ ನಮಗೆಲ್ಲ ಕೇಳಿಸಿತು. ತಂಬಿಗೆ ಬೋರಲು ಹಾಕಿ, ಬಾಯಿ ಒರೆಸಿಕೊಂಡು, ನಕಾಶೆ ಎತ್ತಿಕೊಂಡು ವರ್ಗಕ್ಕೆ ಹೋದರು. ಅವರ ಹಿಂದೆ ನಾನು ಎದ್ದು ಅದೇ ತಂಬಿಗೆಯಿಂದ ಕುಡಿದೆ. ಇದರಲ್ಲಿ ನನ್ನ ಶೌರ್ಯವೇನಿಲ್ಲ. ನನಗೆ ನಿಜಕ್ಕೂ ನೀರಡಿಸಿತ್ತು. ಆದರೆ ಕುಡಿದು ತಿರುಗಿದಾಗ ಆ ಕೋಣೆಯ ಮುಖಗಳನ್ನು ನೋಡಿದೆ. ಯಾರೂ ಸಿಟ್ಟು ಮಾಡಿರಲಿಲ್ಲ. ಎಲ್ಲರೂ ಏನನ್ನೋ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡವರ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮರುದಿನ ಹರವಿ ಇರಲಿಲ್ಲ. ಒಡೆದಿದೆ ಅಂದ ಸಾಲೆಯ ಸಿಪಾಯಿ. ಹೊಸದು ಬರಲಿಲ್ಲ. ಎಲ್ಲರೂ ಮನೆಯಿಂದ ನೀರು ತರತೊಡಗಿದರು.

ಆಮೇಲೆ ಸಣ್ಣ ಸಣ್ಣವು ಶುರುವಾದವು. ಅವರ ಸೈಕಲ್ಲಿನ ಗಾಲಿ ಗಾಳಿ ಕಳೆದುಕೊಂಡು ನಿಂತಿರುತ್ತಿತ್ತು. ಸಿಪಾಯಿ ಚಹಾದ ಕೆಟಲಿ ಹಿಡಿದು ಬಂದರೆ ಅವರ ಮುಂದೆ ಮಾತ್ರ ಚಹಾ ಮುಗಿದಿರುತ್ತಿತ್ತು. ಅವರು ಕೋಣೆಯೊಳಗೆ ಕಾಲಿಟ್ಟರೆ ಮಾತು ಮೆತ್ತಗಾಗುತ್ತಿತ್ತು. ಒಮ್ಮೆ ಅವರು ಬಾಗಿಲಲ್ಲೇ ನಿಂತು, ನನ್ನ ಕಡೆ ನೋಡಿ, “ಅಕ್ಕೋರ, ಕೇಳ್ಸಿತೇನ್ರಿ?” ಅಂದರು. “ಏನ್ರಿ?” ಅಂದೆ. “ಏನೂ ಕೇಳ್ಸವಲ್ದು. ಅದನ್ನ ಹೇಳಿದೆ,” ಅಂದು ತಮ್ಮ ಜಾಗಕ್ಕೆ ಹೋಗಿ ಕೂತರು.

ಧಾರವಾಡದಲ್ಲಿ ಅವರಿಗೆ ಬಾಡಿಗೆ ಮನೆ ಸಿಕ್ಕಿರಲಿಲ್ಲ. ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಹಾಸಿಗೆ ಹೊಲಿಯುವ ಪಿಂಜಾರರ ಮನೆಯ ಅಟ್ಟದ ಮೇಲೆ ಹೆಂಡತಿ, ಸಣ್ಣ ಮಗಳೊಂದಿಗೆ ಇದ್ದರು. ರೈಲು ತಪ್ಪಿದರೆ ಸೈಕಲ್. ಆಗ ನಡುದಾರಿಯ ರಾಯಾಪುರದ ಆಚೀಚೆ ರಸ್ತೆ ಬಣಬಣ ಅನ್ನುತ್ತಿತ್ತು; ಎರಡೂ ಕಡೆ ಹುಣಸೆಮರ, ಅವುಗಳಾಚೆ ಹೊಲ. ಅಲ್ಲಿ ಒಂದು ಸಂಜೆ ಯಾರೋ ಅಡ್ಡ ನಿಂತು ಬೆಂಕಿಪೊಟ್ಟಣ ಕೇಳಿದರಂತೆ. ಇಲ್ಲ ಅಂದಾಗ, “ಇರ್ಲಿ ಬಿಡ್ರಿ, ಮತ್ತ ಭೆಟ್ಟಿ ಆಗೋಣು,” ಅಂದು ದಾರಿ ಬಿಟ್ಟರಂತೆ. ಅಷ್ಟೇ. ಅವರು ಅದನ್ನು ಹೇಳಿದಾಗ ನನಗೆ ಹೆದರಿಕೆಯಾಯಿತು. ಆದರೆ ಯಾವುದಕ್ಕೆ ಹೆದರಬೇಕೆಂದು ತೋರಿಸಲು ಬರುವಂಥದ್ದೇನೂ ಅದರಲ್ಲಿ ಇರಲಿಲ್ಲ.

ನಮ್ಮ ಮನೆಗೂ ಸುದ್ದಿ ಬಂತು. ಒಂದು ದಿನ ಅವ್ವ ಅಕ್ಕಿ ಆರಿಸುತ್ತ ತಲೆ ಎತ್ತದೆ ಕೇಳಿದಳು.

“ಆ ಮಾಸ್ತರರ ಜೋಡಿ ಭಾಳ ಮಾತಾಡ್ತೀಯಂತ?”

“ಯಾರು ಹೇಳಿದ್ರು?”

“ಯಾರು ಹೇಳಿದ್ರೇನು. ಓಣಿ ಹೇಳ್ಲಿಕ್ಕತ್ತದ. ನಾಳೆ ನಿನ್ನ ನೋಡ್ಲಿಕ್ಕೆ ಬರೋರೂ ಕೇಳ್ತಾರ.”

“ಕೇಳ್ಲಿ. ನಕಾಶಿ ಒಂದs ಅದ, ಇಬ್ಬರೂ ಅದನ್ನs ತೊಗೋಬೇಕು ಅಂತ ಹೇಳವ್ವ.”

ಅವ್ವ ಒಂದು ಹರಳು ಎತ್ತಿ ಬಿಸಾಡಿದಳು. “ಅವ್ರಿಗೆ ಏನರೆ ಆಗ್ತದವಾ,” ಅಂದಳು. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳ ದನಿಯಲ್ಲಿದ್ದದ್ದು ಬೈಗುಳವಲ್ಲ. “ಮಂದಿ ಹೆಂಗ ಮಾತಾಡ್ಲಿಕ್ಕತ್ತಾರ ಅಂದ್ರ, ಆಗೇ ಹೋಗೇದ ಅನ್ನೋಹಂಗ ಮಾತಾಡ್ತಾರ.”

ಜನವರಿಯಲ್ಲಿ ಸಾಲೆಯ ವಾರ್ಷಿಕ ಗ್ಯಾದರಿಂಗ್. ಪ್ರತಿ ವರ್ಷ ಒಂದು ಇತಿಹಾಸದ ನಾಟಕ ಆಗಬೇಕು. ಆ ಸಲ ಅಶೋಕ. ಹೆಡ್‌ಮಾಸ್ತರರು ಅದನ್ನು ಇವರಿಗೇ ಒಪ್ಪಿಸಿದರು. ಬಹುಶಃ ಅದರಿಂದ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದರು ಪಾಪ. ಶ್ರೀಕಾಂತನೇ ಅಶೋಕ; ಅವನಂಥ ದನಿ ಬೇರೆ ಯಾರಿಗೂ ಇರಲಿಲ್ಲ, ಮೇಲಾಗಿ ಅವನು ಈ ಮಾಸ್ತರರನ್ನು ಬಿಟ್ಟು ಕದಲುತ್ತಿರಲಿಲ್ಲ. ನನಗೆ ವೇಷ, ಪರದೆ ವಹಿಸಿದರು.

ತಾಲೀಮು ನೋಡಲು ಚೇರ್ಮನ್ನರು ಬಂದರು. ಕುರ್ಚಿ ಹಾಕಿಸಿಕೊಂಡು, ಕೋಲಿನ ಮೇಲೆ ಎರಡೂ ಕೈ ಇಟ್ಟು ಕೂತರು. ಕಳಿಂಗದ ಯುದ್ಧವಾಯಿತು. ಶ್ರೀಕಾಂತ ಹೆಣಗಳ ನಡುವೆ ನಿಂತು ಕಣ್ಣೀರು ಹಾಕಿದ. ಒಬ್ಬ ಭಿಕ್ಷು ಬಂದ. ಅಶೋಕ ಖಡ್ಗ ಕೆಳಗಿಟ್ಟು ಅವನ ಮುಂದೆ ಮೊಣಕಾಲೂರಿದ.

“ನಿಲ್ಲಸ್ರಿ,” ಅಂದರು ಚೇರ್ಮನ್ನರು. ದನಿ ಜೋರಾಗಿರಲಿಲ್ಲ. “ಇದೇನಿದು? ಚಕ್ರವರ್ತಿ ಅಳ್ತಾನೇನ? ಯಾರ ಕಾಲಿಗೆ ಬೀಳ್ತಾನ ನಮ್ಮ ಹುಡುಗ?”

“ಇತಿಹಾಸದಾಗ ಹಂಗs ಅದರಿ,” ಅಂದರು ಮಾಸ್ತರರು.

“ಇತಿಹಾಸ ನಿಮ್ಮ ಮನ್ಯಾಗ ಇಟ್ಕೋರಿ. ಇಲ್ಲಿ ಮತ ಪ್ರಚಾರ ಬ್ಯಾಡ. ಯುದ್ಧ ಗೆದ್ದ, ಜಯ ಅಂದ, ಪರದೆ ಬಿತ್ತು. ಅಳೂದು ಇಲ್ಲ, ಸನ್ಯಾಸಿ ಇಲ್ಲ. ತಿಳೀತೋ?”

ಎಲ್ಲರೂ ಮಾಸ್ತರರ ಮುಖ ನೋಡಿದೆವು. ವಾದ ಮಾಡುತ್ತಾರೆ ಅಂದುಕೊಂಡೆ. “ಆಗ್ಲಿರಿ,” ಅಂದರು. “ಯುದ್ಧಕ್ಕs ಮುಗಸೋಣ್ರಿ.”

ಚೇರ್ಮನ್ನರು ಎದ್ದರು. ಹೋಗುವಾಗ ಮಾಸ್ತರರ ಹತ್ತಿರ ಒಂದು ಗಳಿಗೆ ನಿಂತು, “ನೀವು ಸೈಕಲ್ ಮ್ಯಾಲೆ ಹುಬ್ಬಳ್ಳಿಗೆ ಹೋಗ್ತೀರಲ್ಲ? ದಾರಿ ಛಲೋ ಇಲ್ರಿ. ಸಂಭಾಳಿಸ್ಕೊಂಡು ಹೋಗ್ರಿ,” ಅಂದರು. ಹಿರಿಯರು ಕಾಳಜಿಯಿಂದ ಹೇಳುವ ಮಾತೇ. ನನ್ನ ಕೈಯಲ್ಲಿದ್ದ ಕಿರೀಟದ ರಟ್ಟು ಮಡಿಚಿಹೋಯಿತು.

ಅವರು ಹೋದ ಮೇಲೆ ಮಾಸ್ತರರು ಹುಡುಗರನ್ನು ಗುಂಪಾಗಿ ಕೂಡ್ರಿಸಿಕೊಂಡು ಒಂದೇ ಮಾತು ಹೇಳಿದರು: “ಪರದೆ ಬೀಳೂತನಕ ಸತ್ತಾಂವ ಏಳಬಾರದು. ಏನs ಆಗ್ಲಿ. ಯಾರs ಕರೀಲಿ.” ಶ್ರೀಕಾಂತನಿಗೆ, “ನೀ ಜಯ ಅನ್ನು. ಆಮ್ಯಾಲೆ ನಿಂತು ನೋಡು. ಅಷ್ಟ,” ಅಂದರು. ನನ್ನ ಹತ್ತಿರ ಬಂದು, “ಅಕ್ಕೋರ, ಪರದಿ ನಿಮ್ಮ ಕೈಯಾಗದ. ಯಾವಾಗ ಬಿಡಬೇಕನಸ್ತದ, ಅವಾಗ ಬಿಡ್ರಿ,” ಅಂದರು. ಬೇರೇನೂ ವಿವರಿಸಲಿಲ್ಲ. ನಾನೂ ಕೇಳಲಿಲ್ಲ. ಆದರೆ ನನಗೆ ತಿಳಿಯಿತು.

ಗ್ಯಾದರಿಂಗಿನ ದಿನ ಸಾಲೆಯ ಬಯಲಿನಲ್ಲಿ ಚಪ್ಪರ. ಮಧ್ಯಾಹ್ನದ ಬಿಸಿಲು ಬಟ್ಟೆಯ ಮೇಲಿಂದ ಇಳಿದು ಎಲ್ಲರ ಮುಖ ಹಳದಿಯಾಗಿತ್ತು. ಮುಂದಿನ ಸಾಲಿನಲ್ಲಿ ಚೇರ್ಮನ್ನರು, ಅವರು ಕರೆತಂದ ಅತಿಥಿಗಳು. ಅವರ ಹಿಂದೆ ತಾಯಂದಿರು, ಕಂಕುಳಲ್ಲಿ ಕೂಸು. ಚಪ್ಪರದ ಕಂಬಕ್ಕೆ ಆತು ನಾನು ಗುರುತಿಸದ ನಾಲ್ಕಾರು ಗಂಡಸರು ನಿಂತಿದ್ದರು. ಅವರು ನಾಟಕ ನೋಡಲು ಬಂದವರ ಹಾಗೆ ಕಾಣಲಿಲ್ಲ. ರಂಗದ ಮಗ್ಗುಲಿಗೆ ನಿಂತಿದ್ದ ಮಾಸ್ತರರನ್ನೇ ನೋಡುತ್ತಿದ್ದರು.

ಯುದ್ಧ ಭರ್ಜರಿಯಾಗಿ ಆಯಿತು. ಡೋಲು ಬಾರಿಸಿದರು, ಹುಡುಗರು ಕಟ್ಟಿಗೆಯ ಕತ್ತಿ ಬೀಸಿದರು, ಒಬ್ಬೊಬ್ಬರಾಗಿ ಬಿದ್ದರು. ಡೋಲು ನಿಂತಿತು. ನಡುವೆ ಒಬ್ಬನೇ ಉಳಿದ ಶ್ರೀಕಾಂತ ಕತ್ತಿ ಎತ್ತಿ, “ಜಯ!” ಅಂದ. ಜನ ಚಪ್ಪಾಳೆ ತಟ್ಟಿತು. ಚೇರ್ಮನ್ನರು ಮಗ್ಗುಲಿನ ಅತಿಥಿಗೆ ಏನೋ ಹೇಳಿ ನಕ್ಕರು.

ನಾನು ಹಗ್ಗ ಬಿಡಲಿಲ್ಲ.

ಚಪ್ಪಾಳೆ ತೆಳ್ಳಗಾಗಿ ನಿಂತಿತು. ಪರದೆ ಬೀಳಲಿಲ್ಲ. ಬಿದ್ದ ಹುಡುಗರು ಬಿದ್ದೇ ಇದ್ದರು. ಒಬ್ಬನ ಕಣ್ಣು ತೆರೆದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಜನ ಕಾಯಿತು. ಎಲ್ಲೋ ಒಂದು ಕೂಸು ಅತ್ತು ಸುಮ್ಮನಾಯಿತು. ಶ್ರೀಕಾಂತ ಮೊದಲು ನನ್ನ ಕಡೆ ನೋಡಿದ. ಆಮೇಲೆ ಕೆಳಗೆ ನೋಡಿದ. ಅವನ ಕಾಲ ಹತ್ತಿರ ಬಿದ್ದವನು ಅವನ ಜೀವದ ಗೆಳೆಯ. ಕಾಲಿನಿಂದ ಮೆಲ್ಲಗೆ ತಟ್ಟಿದ. ಅವನು ಏಳಲಿಲ್ಲ. “ಏಳೋ,” ಅಂದ ಮೆತ್ತಗೆ. ಆ ಪಿಸುಮಾತು ಚಪ್ಪರದ ಕೊನೆಯ ತನಕ ಕೇಳಿಸಿತು. “ಏಳ್ರೋ… ಮುಗೀತು, ಏಳ್ರೋ.” ಯಾರೂ ಏಳಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ಅದು ಅಭಿನಯವಾಗಿರಲಿಲ್ಲ. ಕತ್ತಿ ಕೈಯಿಂದ ಜಾರಿತು. ಒಬ್ಬೊಬ್ಬರ ಹತ್ತಿರ ಓಡಿ, ಹೆಸರು ಹಿಡಿದು ಕರೆದು, ಭುಜ ಅಲುಗಾಡಿಸಿದ. ಅಲ್ಲಾಡಿಸಿದ ಕಡೆ ಅವು ಅಲ್ಲಾಡಿದವು, ಬಿಟ್ಟ ಕೂಡಲೇ ಬಿದ್ದವು. ಆಗ ತಾಯಂದಿರ ಸಾಲಿನಿಂದ ಒಬ್ಬಳು ಎದ್ದು ನಿಂತಳು. “ಬಸ್ಯಾ! ಏ ಬಸ್ಯಾ, ಏಳೋ ನನ್ನಪ್ಪಾ!” ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು. ಒಬ್ಬೊಬ್ಬಳೂ ತನ್ನ ತನ್ನ ಮಗನ ಹೆಸರು ಹಿಡಿದು ಕೂಗತೊಡಗಿದಳು. ಬಯಲೆಲ್ಲ ಹೆಸರುಗಳು. ಶ್ರೀಕಾಂತ ನಡುವೆ ಕುಸಿದು, ಎರಡೂ ಕೈಯಿಂದ ಮುಖ ಮುಚ್ಚಿ, ಗಟ್ಟಿಯಾಗಿ ಅಳತೊಡಗಿದ.

ಆಗ ಹಗ್ಗ ಬಿಟ್ಟೆ.

ಪರದೆಯ ಹಿಂದೆ ಹುಡುಗರು ಎದ್ದು ಅವನನ್ನು ಅಪ್ಪಿಕೊಂಡರು. ಹೊರಗೆ ಚಪ್ಪಾಳೆ ಬೀಳಲಿಲ್ಲ. ಜನ ಸದ್ದಿಲ್ಲದೆ ಎದ್ದು ಹೋದರು. ಭಿಕ್ಷು ಬಂದಿರಲಿಲ್ಲ. ಅಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಚೇರ್ಮನ್ನರು ಹೇಳಿದ ಪ್ರತಿಯೊಂದು ಮಾತನ್ನೂ ಪಾಲಿಸಲಾಗಿತ್ತು. ಅವರು ಕುರ್ಚಿಯಲ್ಲೇ ಕೂತಿದ್ದರು, ಮೊಮ್ಮಗನ ಅಳು ಪರದೆಯ ಹಿಂದಿನಿಂದ ಇನ್ನೂ ಕೇಳುತ್ತಿತ್ತು. ಕಂಬದ ಹತ್ತಿರ ನಿಂತಿದ್ದ ಗಂಡಸರು ಮಾತ್ರ ಕಾಣಲಿಲ್ಲ.

ನಾನು ಮಾಸ್ತರರ ಹತ್ತಿರ ಓಡಿದೆ. “ಇವತ್ತು ರೈಲಿಗೆ ಹೋಗ್ರಿ. ಇಲ್ಲಾಂದ್ರ ನಮ್ಮ ಮನ್ಯಾಗ ಇರ್ರಿ. ಅಪ್ಪಗ ನಾ ಹೇಳ್ತೀನಿ.”

“ರೈಲು ಹೋತ್ರಿ. ಮನ್ಯಾಗ ಕೂಸಿಗೆ ಮೈ ಬೆಚ್ಚಗದ, ಹಾದಿ ನೋಡ್ತಿರತಾಳ.” ಸೈಕಲ್ಲಿನ ಗಾಲಿ ಒತ್ತಿ ನೋಡಿದರು. ಆವೊತ್ತು ಗಾಳಿ ಸರಿಯಾಗಿತ್ತು. ಅದನ್ನು ನೋಡಿ ಅವರು ಇನ್ನೊಂದು ಗಾಲಿಯನ್ನೂ ಒತ್ತಿ ನೋಡಿದರು. “ನಿಮಗ ತ್ರಾಸು ಆಗಬಾರದು, ಅಕ್ಕೋರ. ಪರದಿ ಸಿಕ್ಕಿಬಿದ್ದಿತ್ತು ಅಂತ ಹೇಳ್ರಿ,” ಅಂದರು.

“ನಾ ಹಂಗ ಹೇಳೂದಿಲ್ರಿ,” ಅಂದೆ.

ಅವರು ತಲೆ ಆಡಿಸಿ ಸೈಕಲ್ ಹತ್ತಿದರು.

ರಾಯಾಪುರದ ಹತ್ತಿರ ಅವರು ಸಿಕ್ಕದ್ದು ಬೆಳಗ್ಗೆ, ಹೊಲಕ್ಕೆ ಹೊರಟವರಿಗೆ. ಹುಣಸೆಮರದ ಬುಡದಲ್ಲಿ ಬಿದ್ದಿದ್ದರಂತೆ. ಬಲಗೈ ಮೂರು ಕಡೆ ಮುರಿದಿತ್ತು. ಬೇರೆಲ್ಲೂ ಹೆಚ್ಚು ಪೆಟ್ಟಾಗಿರಲಿಲ್ಲ. ಬರೆಯುವ ಕೈ ಯಾವುದೆಂದು ತಿಳಿದೇ ಹೊಡೆದಿದ್ದರು. ಪೊಲೀಸರು ಬಂದು ಕೇಳಿದಾಗ ಮಾಸ್ತರರು, ಕತ್ತಲಿತ್ತು, ಮುಖ ಕಾಣಲಿಲ್ಲ ಅಂದರು. ಚೇರ್ಮನ್ನರ ಮಾತಿಗೂ ಆ ಹುಣಸೆಮರಕ್ಕೂ ಏನು ಸಂಬಂಧ ಅನ್ನುವುದನ್ನು ಯಾರೂ ಹುಡುಕಲಿಲ್ಲ. ನನಗೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಆಡಳಿತ ಮಂಡಳಿಯ ಮುಂದೆ ನನ್ನನ್ನು ನಿಲ್ಲಿಸಿದರು. ಹಗ್ಗ ಹಿಡಿದದ್ದು ನಾನು, ಬೇಕೆಂದೇ ಹಿಡಿದೆ ಅಂದೆ. ಮಾರ್ಚಿನಲ್ಲಿ ನನ್ನ ಕೆಲಸ ಹೋಯಿತು. ಅವರ ಕೆಲಸ ಅದಕ್ಕೂ ಮೊದಲೇ ಹೋಗಿತ್ತು. ಶ್ರೀಕಾಂತನನ್ನು ಆ ವರ್ಷವೇ ಬೇರೆ ಊರಿನ ಸಾಲೆಗೆ ಕಳಿಸಿದರು. ಹೋಗುವ ಮೊದಲು ಅವನು ಒಬ್ಬನೇ ಹಳೇ ಹುಬ್ಬಳ್ಳಿಗೆ ಹೋಗಿ, ಪಿಂಜಾರರ ಅಟ್ಟ ಹತ್ತಿ, ಮಾಸ್ತರರ ಹಾಸಿಗೆಯ ಹತ್ತಿರ ಒಂದು ಇಡೀ ದಿನ ಕೂತಿದ್ದನಂತೆ.

ನನಗೆ ಮುಂದೆ ಸರಕಾರಿ ಕೆಲಸ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಸಾಲೆಗಳ ತಪಾಸಣೆಗೆ ಹೋಗುವ ಕೆಲಸಕ್ಕೆ ಹಾಕಿದರು. ಹಾಗೆ ಒಮ್ಮೆ ರಾಯಾಪುರದಿಂದ ಒಳಗಿರುವ ಒಂದು ಸಣ್ಣ ಹಳ್ಳಿಗೆ ಹೋದೆ. ಹಂಚಿನ ಸಾಲೆ, ಎರಡು ಕೋಣೆ. ಬಾಗಿಲಲ್ಲಿ ಅವರು ನಿಂತಿದ್ದರು. ಅದೇ ಬಿಳಿಯ ಖಾದಿ. ಬಲಗೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು. ಹಲಗೆಯ ಮೇಲೆ ಎಡಗೈಯಿಂದ ಬರೆದಿದ್ದರು, ಅಕ್ಷರ ಮಕ್ಕಳ ಅಕ್ಷರದ ಹಾಗೆ ದೊಡ್ಡದಾಗಿ, ವಾರೆಯಾಗಿ ಇತ್ತು. ನಾವು ಬೇವಿನ ನೆರಳಿನಲ್ಲಿ ನಿಂತು ಮಾತಾಡಿದೆವು. ಈ ಭಾಗದ ಸಾಲೆಯನ್ನು ತಾವೇ ಕೇಳಿ ಹಾಕಿಸಿಕೊಂಡದ್ದಾಗಿ ಹೇಳಿದರು.

“ಅವತ್ತು ಮುಖ ಕಾಣಲಿಲ್ಲ ಅಂದಿದ್ರಂತ,” ಅಂದೆ.

“ಕಂಡಿತ್ರಿ.” ಅವರು ಸಾಲೆಯ ಕಡೆ ಕತ್ತು ತಿರುಗಿಸಿದರು. “ಅವರೊಳಗ ಒಬ್ಬಾಂವನ ಮಗ ಈಗ ನನ್ನ ವರ್ಗದಾಗ ಅದಾನ. ಮುಂದಿನ ಸಾಲಿನ್ಯಾಗ ಕುಂಡ್ರತಾನ. ಭಾಳ ಶಾಣ್ಯಾ ಹುಡುಗ.”

“ಅಂವಗ ಗೊತ್ತದೇನ್ರಿ?”

“ಹುಡುಗಗ ಗೊತ್ತಿಲ್ಲ. ಅವರಪ್ಪಗ ಗೊತ್ತದ, ನನಗ ಗೊತ್ತದ. ಅವರಪ್ಪ ದಿನಾ ಮಗನ್ನ ಬಿಡಾಕ ಬರ್ತಾನ. ನನ್ನ ಮಾರಿ ನೋಡಂಗಿಲ್ಲ.”

“ನಿಮಗ ಅಂಜಿಕಿ ಆಗೂದಿಲ್ಲೇನ್ರಿ?”

“ಮೊದಲ ಆಗ್ತಿತ್ರಿ. ಈಗ ಅಂಜಿಕಿ ಅವಗದ,” ಅಂದರು. ಅದರಲ್ಲಿ ಗೆದ್ದ ಸಂತೋಷವಿರಲಿಲ್ಲ. ಎಷ್ಟೋ ದಿನದಿಂದ ಅದನ್ನು ಹೊತ್ತು ದಣಿದವರ ಹಾಗೆ ಕಂಡರು.

ಗಂಟೆಯಾಯಿತು. ಅವರು ಒಳಗೆ ಹೋದರು. ನಾನು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಸಾಲೆಯ ಹಿಂಬದಿಯಿಂದ ಬಸ್ಸಿನ ದಾರಿಗೆ ಹೊರಟೆ. ಅಲ್ಲಿ ಕಿಟಕಿಯ ಕೆಳಗೆ, ಗೋಡೆಗೆ ಹತ್ತಿಕೊಂಡು ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತಿದ್ದ. ನನ್ನಷ್ಟೇ ವಯಸ್ಸು. ತಲೆಗೆ ರುಮಾಲು, ದಪ್ಪ ಕೈಗಳು. ಒಳಗೆ ಒಬ್ಬ ಹುಡುಗ ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದ. ಪುಲಿಕೇಶಿ, ನರ್ಮದೆ, ಹರ್ಷ ಅನ್ನುವ ಹೆಸರುಗಳು ಕೇಳಿಸಿದವು. ಆ ಮನುಷ್ಯ ನನ್ನನ್ನು ನೋಡಿ ಎದ್ದು ನಿಂತ. ಓಡಿಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ರುಮಾಲಿನ ತುದಿಯಿಂದ ಬಾಯಿ ಒರೆಸಿಕೊಂಡು, ಒಳಗೆ ಕೇಳಿಸದ ಹಾಗೆ ಕೇಳಿದ:

“ಅಕ್ಕೋರ, ನೀವು ಕಲ್ತವ್ರು. ಇದು ಇತಿಹಾಸ ಅಂತಾರಲ್ರಿ… ಇದರಾಗ ಬರೇ ರಾಜರ ಹೆಸರು ಹೇಳ್ತಾರೋ, ಬ್ಯಾರೇದವರ್ದೂ ಹೇಳ್ತಾರೋ?”

ನಾನು ಅವನ ಕೈಗಳನ್ನು ನೋಡಿದೆ. “ನನಗ ಗೊತ್ತಿಲ್ಲ. ಅವರು ಏನು ಹೇಳ್ತಾರ, ನಿಂತು ಕೇಳು,” ಅಂದೆ.

ಅವನು ಕಿಟಕಿಯ ಕಡೆ ತಿರುಗಿದ. ದಾರಿಯ ತಿರುವಿನಲ್ಲಿ ಹಿಂದೆ ನೋಡಿದಾಗಲೂ ಅವನು ಅಲ್ಲೇ ನಿಂತಿದ್ದ, ಬಿಸಿಲಿನಲ್ಲಿ, ಮಗನ ದನಿ ಕೇಳುತ್ತ.